ಹೆಸರಿಲ್ಲದ ಕ್ಲಾಸು, ಹಿತ್ತಾಳೆ ಬಿಲ್ಲೆ

ಹೋದ ವಾರ ಹಳೆಯ ಹಾಸಿಗೆಯ ಹತ್ತಿ ಬಿಡಿಸಿ ಮತ್ತೆ ತುಂಬಿಸಲು ಗಾದಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಂತ್ರ ಹಾಕಿದ. ಗಂಟುಗಟ್ಟಿದ ಹತ್ತಿ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊಗೆಯಂತೆ ಹೊರಬಂತು. ಜೊತೆಗೆ ಆ ವಾಸನೆ: ಬಿಸಿಯಾದ ಹತ್ತಿ, ಯಂತ್ರದ ಎಣ್ಣೆ, ಧೂಳು. ಮೂಗಿಗೆ ಟವೆಲ್ ಹಿಡಿದುಕೊಂಡು ಹೊರಗೆ ಬಂದು ನಿಂತೆ. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಅದು ಮುಚ್ಚುವ ತನಕ ದುಡಿದವನು ನಾನು. ಆ ವಾಸನೆ ನನಗೆ ಗಿರಣಿಯನ್ನು ನೆನಪಿಸಬೇಕು, ನೆನಪಿಸಿತು ಕೂಡ. ಆದರೆ ಗಿರಣಿಯ ಬೆನ್ನಿಗೇ ಹರಿಹರದ ಒಂದು ಕಾಲೇಜಿನ ವರಾಂಡ, ಮಳೆಯ ಎರಚಲಿಗೆ ಒದ್ದೆಯಾದ ಒಂದು ಕುರ್ಚಿ, ಕಿಟಕಿಯಿಂದ ಕೇಳಿಬರುತ್ತಿದ್ದ ನನ್ನ ಸೊಸೆಯ ದನಿ ಎದುರಿಗೆ ಬಂದವು. ಆ ಮಳೆಗಾಲದ ನಂತರ ಗಿರಣಿ ಮತ್ತು ಆ ವರಾಂಡ ನನ್ನೊಳಗೆ ಬೇರೆಬೇರೆಯಾಗಿ ಉಳಿದಿಲ್ಲ.

ಆ ವರ್ಷ ಮಳೆ ಬೇಗ ಹಿಡಿಯಿತು. ನಾವು ಆಗಲೇ ಆನೆಕೊಂಡದ ಹಳೆಯ ಮನೆ ಬಿಟ್ಟು ದೇವರಾಜ ಅರಸು ಬಡಾವಣೆಗೆ ಬಂದಿದ್ದೆವು. ನಾನು, ನನ್ನ ಹೆಂಡತಿ ಗೌರಮ್ಮ, ಮಗ ರಾಜು, ಸೊಸೆ ವಿನುತಾ. ಮಗ ವಾಹನಗಳ ಬಿಡಿಭಾಗದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮನೆಯ ಹಗಲಿನ ಆಡಳಿತ ನನ್ನದು. ಐದಕ್ಕೆ ಏಳುವುದು, ಅಂಗಳಕ್ಕೆ ನೀರು, ಒಂದು ಸುತ್ತು ನಡಿಗೆ, ಆರಕ್ಕೆ ಟೀ, ಆಮೇಲೆ ಪೇಪರು. ಸ್ನಾನದ ಸರದಿ ಯಾರದು ಯಾವಾಗ ಎನ್ನುವುದೂ ನಿಗದಿ. "ಗಿರಣಿ ಮುಚ್ಚಿ ಕಾಲ ಆತು, ಇವರ ಸೈರನ್ ಮಾತ್ರ ನಿಂತಿಲ್ಲ ನೋಡವಾ" ಎಂದು ಗೌರಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅಡುಗೆಮನೆಯ ಡಬ್ಬಿಗಳಿಗೆ ನಾನೇ ಹೆಸರಿನ ಚೀಟಿ ಬರೆದು ಅಂಟಿಸಿದ್ದೆ. ಪ್ರತಿ ವಸ್ತುವಿಗೂ ಒಂದು ಹೆಸರು, ಪ್ರತಿ ಹೆಸರಿಗೂ ಒಂದು ಜಾಗ. ಅಷ್ಟಾದರೆ ಮನೆ ತಾನೇ ನಡೆಯುತ್ತದೆ ಎಂಬುದು ನನ್ನ ನಂಬಿಕೆ.

ವಿನುತಾ ಎಂಸಿಎ ಓದಿದವಳು. ಮದುವೆಯ ನಂತರ ಕೆಲವು ವರ್ಷ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಹೇಳಿಕೊಡುತ್ತಿದ್ದಳು, ಅದು ಮುಚ್ಚಿಹೋಯಿತು. ಆಮೇಲೆ ಎಷ್ಟೋ ಕಾಲೇಜಿಗೆ ಅರ್ಜಿ ಹಾಕಿದಳು. ಯಾರೂ ಕರೆಯಲಿಲ್ಲ. ಆ ವರ್ಷ ಹರಿಹರದ ಒಂದು ಖಾಸಗಿ ಕಾಲೇಜಿನಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಪಾಠ ಮಾಡುತ್ತಿದ್ದ ಉಪನ್ಯಾಸಕಿ ಹೆರಿಗೆ ರಜೆ ಹಾಕಿದರು. ಅವರ ಜಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬನ್ನಿ ಎಂದು ಇವಳಿಗೆ ಕರೆ ಬಂತು. ಇವಳ ಫೋನಿಗೆ ನಮ್ಮ ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲವಾದ್ದರಿಂದ ಕಾಲೇಜಿಗೆ ನನ್ನ ನಂಬರನ್ನೂ ಕೊಟ್ಟಿದ್ದಳು. ಅಲ್ಲಿಯ ಗುಮಾಸ್ತ ಯಾವಾಗ ಮಾಡಿದರೂ ಒಂದೇ ಮಾತು: "ಹಲೋ, ಜಾವಾ ಗೆಸ್ಟ್ ಅದಾರೇನ್ರಿ?"

ಅದಾರೆ ಎಂದು ನಾನು ಫೋನನ್ನು ಅವಳಿಗೆ ಕೊಡುತ್ತಿದ್ದೆ. "ತಗಾ ಅಮ್ಮಾ, ಕಾಲೇಜಿಂದು." ಸೊಸೆ ಮನೆಗೆ ಬಂದ ದಿನದಿಂದ ನಾನು ಅವಳನ್ನು ಅಮ್ಮಾ ಎಂದೇ ಕರೆಯುತ್ತಿದ್ದೆ, ಹೆಸರು ಹಿಡಿದು ಕರೆದವನಲ್ಲ. ನಮ್ಮ ಮನೆತನದಲ್ಲಿ ಮಾವಂದಿರು ಸೊಸೆಯರನ್ನು ಕರೆಯುತ್ತಿದ್ದುದೇ ಹಾಗೆ.

ಮೊದಲ ದಿನ ಹರಿಹರದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದ್ದು ಇದು: ಪಾಠ ಶುರುವಾಗಿ ಕೆಲವು ವಾರ ಕಳೆದ ಮೇಲೆ ಆಡಳಿತ ಮಂಡಳಿಯವರು ಒಂದು ದಿನ ಅವಳ ಕ್ಲಾಸಿನಲ್ಲಿ ಕೂತು ನೋಡುತ್ತಾರೆ. ಹಿಡಿಸಿದರೆ ಮುಂದಿನ ಸೆಮಿಸ್ಟರಿಗೂ ಕರೆಯುತ್ತಾರೆ. ಇಲ್ಲವಾದರೆ ರಜೆಗೆ ಹೋದವರು ಬರುವ ತನಕ ಬೇರೆ ಯಾರನ್ನಾದರೂ ಹುಡುಕುತ್ತಾರೆ.

"ಇದು ಹೋದ್ರೆ ಇನ್ನೊಂದು ಕರೆ ಬರಲ್ಲ ಮಾವ" ಎಂದಳು. "ಇಷ್ಟು ವರ್ಷ ಮನ್ಯಾಗೆ ಕುಂತೋಳನ್ನ ಯಾರು ಕರೀತಾರೆ ಹೇಳ್ರಿ."

ನಾನು ಸಮಾಧಾನದ ಮಾತು ಆಡುವವನಲ್ಲ. "ದಿನಾ ಬೆಳಿಗ್ಗೆ ಆರೂವರೆಗೆ ನನ್ನ ಮುಂದೆ ಪಾಠ ಮಾಡು. ನನಗೆ ತಿಳಿದ್ರೆ ಹುಡುಗ್ರಿಗೂ ತಿಳೀತೈತೆ" ಎಂದೆ.

ಗೌರಮ್ಮ ಒಳಗಿನಿಂದಲೇ ಹೇಳಿದಳು, "ಇವರಿಗೆ ಫೋನಿನ ಅಲಾರಂ ಇಡಾಕ ಬರಲ್ಲ, ಇವರಿಗೆ ಜಾವಾ!"

ಹಾಗೆ ನಾನು ಎಪ್ಪತ್ತು ದಾಟಿದ ಮೇಲೆ ವಿದ್ಯಾರ್ಥಿಯಾದೆ. ನಡುಮನೆಯ ಗೋಡೆಗೆ ಒಂದು ಕರಿಹಲಗೆ ಬಿಗಿದೆವು. ಗಿರಣಿಯಲ್ಲಿ ಹೊಸಬರಿಗೆ ಕಲಿಸುವಾಗ ನಮ್ಮಲ್ಲೊಂದು ಪದ್ಧತಿಯಿತ್ತು. ಕಡಿದ ನೂಲನ್ನು ಕಣ್ಣು ಮುಚ್ಚಿ ಗಂಟು ಹಾಕಲು ಬರುವ ತನಕ ಅವರನ್ನು ಮಗ್ಗದ ಹತ್ತಿರ ಬಿಡುತ್ತಿರಲಿಲ್ಲ. ವಿನುತಾಳಿಗೂ ಅದನ್ನೇ ಮಾಡಿಸಿದೆ. ಪುಸ್ತಕ ನೋಡದೆ ಹಲಗೆಯ ಮೇಲೆ ಬರೆಯಬೇಕು. ಬರೆದಳು. ಸುಣ್ಣದಕಡ್ಡಿ ಎಲ್ಲೂ ತಡವರಿಸುತ್ತಿರಲಿಲ್ಲ. ಪಾಠ ಒಂದೊಂದಾಗಿ ಮುಂದೆ ಹೋಯಿತು, ನನಗೂ ಅಷ್ಟಿಷ್ಟು ತಿಳಿಯುತ್ತ ಬಂತು. ಮಾಡಬೇಕಾದ ಕೆಲಸ ಯಾವುದು ಎಂದಷ್ಟೇ ಹೇಳಿ, ಹೇಗೆ ಮಾಡಬೇಕೆಂಬುದನ್ನು ಬಿಟ್ಟುಬಿಡುವುದು ಇಂಟರ್‌ಫೇಸ್. ಹೇಗೆ ಎಂಬುದನ್ನು ಪೂರ್ತಿ ಬರೆದು ಅದಕ್ಕೊಂದು ಹೆಸರಿಟ್ಟರೆ ಕ್ಲಾಸ್. ಆ ಬರಹದ ಪ್ರಕಾರ ತಯಾರಾಗಿ ನಿಜವಾಗಿ ಕೆಲಸಕ್ಕೆ ನಿಲ್ಲುವುದು ಆಬ್ಜೆಕ್ಟ್. ಇದರಲ್ಲಿ ನನಗೆ ತಕರಾರೇನೂ ಇರಲಿಲ್ಲ. ಅಚ್ಚುಕಟ್ಟಾದ ಮನೆಯಂತೆಯೇ ಇತ್ತು.

ತಕರಾರು ಶುರುವಾದದ್ದು ಅನಾನಿಮಸ್ ಕ್ಲಾಸಿನಿಂದ.

ಮಂಡಳಿಯವರು ಬರುವ ದಿನ ಗೊತ್ತಾಯಿತು. ಪಾಠದ ಯೋಜನೆಯ ಪ್ರಕಾರ ಆ ದಿನಕ್ಕೆ ಬಿದ್ದ ವಿಷಯ ಅನಾನಿಮಸ್ ಕ್ಲಾಸ್. ಬೇರೆ ವಿಷಯ ಮಾಡುತ್ತೇನೆ ಎಂದು ಕೇಳಿದರೆ ವಿಭಾಗದ ಮುಖ್ಯಸ್ಥರು, "ಅವರು ಯೋಜನೆ ಹಿಡ್ಕಂಡೇ ಬರ್ತಾರೆ ಮೇಡಂ, ಆಗಲ್ಲ" ಎಂದರಂತೆ. ಅವಳಿಗೆ ಅತ್ಯಂತ ಅಳುಕಿದ್ದ ಪಾಠವೇ ಅದು.

"ಪರದೆ ಮೇಲೆ ಒಂದು ಬಟನ್ ಐತೆ ಅನ್ಕಳ್ರಿ ಮಾವ" ಎಂದು ಶುರುಮಾಡಿದಳು. "ಅದನ್ನ ಒತ್ತಿದ್ರೆ ಏನಾಗಬೇಕು ಅಂತ ಹೇಳಾಕ ಒಂದು ಆಬ್ಜೆಕ್ಟ್ ಬೇಕು. ಅದಕ್ಕಂತ ಬೇರೆ ಕಡೆ ಒಂದು ಕ್ಲಾಸ್ ಬರೆದು, ಹೆಸರಿಟ್ಟು, ಆಮೇಲೆ ಕರೆಯೋ ಬದಲು, ಬೇಕಾದ ಜಾಗದಾಗೇ ಅದರ ಕೆಲಸಾನೂ ಬರೆದು, ಅಲ್ಲೇ ಆಬ್ಜೆಕ್ಟನ್ನೂ ಮಾಡಿಬಿಡ್ತೀವಿ. ಹೆಸರು ಇಡಲ್ಲ. ಅದೇ ಅನಾನಿಮಸ್ ಕ್ಲಾಸ್."

"ಹೆಸರಿಟ್ರೆ ಏನು ತೊಂದ್ರೆ?"

"ತೊಂದ್ರೆ ಇಲ್ಲ. ಬೇಕಾಗಲ್ಲ."

"ಯಾಕ ಬೇಕಾಗಲ್ಲ?"

"ಒಂದೇ ಕಡೆ ಬಳಸ್ತೀವಲ್ಲ ಮಾವ, ಅದಕ್ಕೆ."

"ಒಂದೇ ಕಡೆ ಬಳಸಿದ್ರೂ ಹೆಸರಿದ್ರೆ ಚಂದ ಅಲ್ಲೇನು? ನಮ್ಮನ್ಯಾಗೆ ಉಪ್ಪಿನ ಡಬ್ಬಿಗೂ ಚೀಟಿ ಐತೆ."

"ಚೀಟಿ ಐತೆ, ಉಪ್ಪಿಲ್ಲ" ಎಂದಳು ಗೌರಮ್ಮ. "ಅದರಾಗೆ ಸಕ್ರಿ ಹಾಕಿ ಆರು ತಿಂಗಳಾತು."

ವಿನುತಾ ನಗಲಿಲ್ಲ. ಹಲಗೆಯ ಕಡೆ ತಿರುಗಿ ನಿಂತಳು. ಅವಳು ಬರೆದದ್ದರಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ, ಆದರೆ ಯಾಕೆ ಎಂದು ಕೇಳಿದರೆ ಪುಸ್ತಕದ ವಾಕ್ಯವೇ ಬರುತ್ತಿತ್ತು. ಕೈ ಕಲಿತಿತ್ತು, ಬಾಯಿ ಕಲಿತಿರಲಿಲ್ಲ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಅದರ ಮರುದಿನ ಅವಳು ಬಟನ್ ಬಿಟ್ಟು ನಾಯಿ, ಬೆಕ್ಕು ಎಂದು ಬೇರೆ ಉದಾಹರಣೆ ತಂದಳು. ನನಗೆ ಅದೂ ರುಚಿಸಲಿಲ್ಲ. "ನಾನೇ ಕೇಳ್ತಿರೋ ಪ್ರಶ್ನೇನ ಮಂಡಳಿಯೋರು ಕೇಳಲ್ಲ ಅನ್ಕಂಡೀಯ?" ಎಂದೆ. ಅವಳ ಮುಖ ಸಣ್ಣದಾಯಿತು. ಆಮೇಲೆ ತಿಂಡಿ ತಿನ್ನದೆಯೇ ಬಸ್ಸಿಗೆ ಓಡಿದಳು. ಗೌರಮ್ಮ ನನ್ನ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ನನ್ನ ಮುಂದೆ ಇಟ್ಟಳು.

ಮಳೆ ಬಿಡದೆ ಹುಯ್ಯುತ್ತಿತ್ತು. ಹರಿಹರದಲ್ಲಿ ಹೊಳೆ ತುಂಬಿ ಸ್ನಾನಘಟ್ಟದ ಮೆಟ್ಟಿಲು ಮುಳುಗಿದ ಸುದ್ದಿ ಪೇಪರಿನಲ್ಲಿ ಬಂತು. ಬಸ್ಸು ತಡವಾದರೆ ಅವಳ ಮೊದಲ ಕ್ಲಾಸು ತಪ್ಪುತ್ತದೆ, ಕ್ಲಾಸು ತಪ್ಪಿದರೆ ಅದನ್ನೂ ಲೆಕ್ಕ ಹಿಡಿಯುತ್ತಾರೆ ಎಂದು ನಾನು ಗಡಿಯಾರ ನೋಡುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನನಗೆ ಈ ನಿಲ್ಲುವಿಕೆ ಹೊಸದಲ್ಲ ಎಂದು ಆಗಾಗ ಅನ್ನಿಸುತ್ತಿತ್ತು. ಎಲ್ಲಿ, ಯಾವಾಗ ಹೀಗೆ ನಿಂತಿದ್ದೆ ಎಂದು ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ಒಂದು ಬೆಳಿಗ್ಗೆ, ಟೀ ಕುಡಿಯುವಾಗ. ಅವಳು ಹಲಗೆಯ ಮೇಲೆ ಏನೋ ಬರೆದು, "ಇನ್ನೊಂದು ಮಜಾ ಐತೆ ಮಾವ" ಎಂದಳು. "ನಾವು ಹೆಸರು ಇಡ್ದಿದ್ರೂ, ಬರೆದಿದ್ದನ್ನೆಲ್ಲ ಓದಿ ತಪ್ಪು ಹಿಡಿಯೋ ಕಂಪೈಲರ್ ಅಂತ ಐತಲ್ಲ, ಅದು ಅದನ್ನ ಗುರ್ತು ಹಿಡೀಬೇಕಲ್ಲ? ಅದಕ್ಕೆ ತಾನೇ ಒಂದು ನಂಬರ್ ಕೊಟ್ಕಂತೈತೆ. ಹೊರಗಿನ ಕ್ಲಾಸ್ ಯಾವುದೋ ಅದರ ಹೆಸರು, ಪಕ್ಕದಾಗೆ ಒಂದು ಡಾಲರ್ ಗುರ್ತು, ಆಮೇಲೆ ಒಂದು ಅನ್ನೋ ಅಂಕಿ. ಇನ್ನೊಂದಿದ್ರೆ ಎರಡು. ಸ್ವಂತ ಹೆಸರಿಲ್ಲ, ನಂಬರ್ ಐತೆ."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಹಿತ್ತಾಳೆ ಬಿಲ್ಲೆ.

ಗಿರಣಿಗೆ ನಾನು ಸೇರಿದ್ದು ಕಾಯಂ ಆಗಿ ಅಲ್ಲ. ಬದಲಿಯಾಗಿ. ಗಿರಣಿ ಇದ್ದ ಊರಿನವರಿಗೆ ಈ ಮಾತು ಗೊತ್ತು, ಈಗಿನವರಿಗೆ ಹೇಳಬೇಕು. ಕಾಯಂ ಕೆಲಸಗಾರರ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತಿತ್ತು. ಅವರಲ್ಲಿ ಯಾರಾದರೂ ಬಾರದಿದ್ದರೆ ಮಗ್ಗ ನಿಲ್ಲಬಾರದಲ್ಲ, ಅದಕ್ಕೆ ಪ್ರತಿದಿನ ಬೆಳಿಗ್ಗೆ ಗೇಟಿನ ಹೊರಗೆ ಒಂದಷ್ಟು ಜನ ಬಂದು ನಿಲ್ಲಬೇಕು. ನಾನು ಆನೆಕೊಂಡದಿಂದ ಕತ್ತಲಲ್ಲೇ ನಡೆದುಬಂದು ನಿಲ್ಲುತ್ತಿದ್ದೆ. ಸೈರನ್ ಆದ ಮೇಲೆ ಮೇಸ್ತ್ರಿ ಹೊರಗೆ ಬಂದು ಬೆರಳು ತೋರಿಸುತ್ತಿದ್ದ. ನೀನು, ನೀನು, ನೀನು. ಬೆರಳು ತೋರಿಸಿದವನಿಗೆ ನಂಬರ್ ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಅದು ಅವನ ನಂಬರಲ್ಲ, ಅವತ್ತು ಅವನು ನಡೆಸಬೇಕಾದ ಮಗ್ಗದ್ದು. ಒಳಗೆ ಆ ಪಾಳಿ ಮುಗಿಯುವ ತನಕ ಅವನನ್ನು ಕರೆಯುವುದೂ ಆ ನಂಬರಿನಿಂದಲೇ. ಕೆಲಸ ಮಾತ್ರ ಕಾಯಂನವನು ಮಾಡುವಷ್ಟೇ: ಮಗ್ಗ ಓಡಿಸಬೇಕು, ಕಡಿದ ನೂಲು ಕೂಡಿಸಬೇಕು, ಲಾಳಿ ಬದಲಿಸಬೇಕು. ಹೊರಡುವಾಗ ಬಿಲ್ಲೆ ವಾಪಸು. ಮರುದಿನ ಮತ್ತೆ ಗೇಟು. ಕರೆಯುತ್ತಾರೋ ಇಲ್ಲವೋ. ವರ್ಷಗಟ್ಟಲೆ ಹಾಗೆ ನಿಂತಿದ್ದೇನೆ. ಒಂದು ಬೆಳಿಗ್ಗೆ ಮೇಸ್ತ್ರಿ ಬೆರಳು ತೋರಿಸಲಿಲ್ಲ. "ಬಸಪ್ಪ ಯಾರಪ, ಬಾ" ಎಂದು ಹೆಸರು ಹಿಡಿದು ಕರೆದ. ಅವತ್ತು ನಾನು ಕಾಯಂ ಆದೆ. ಇವತ್ತಿಗೂ ಆ ಕೂಗು ಕಿವಿಯಲ್ಲಿದೆ.

ಅನಾನಿಮಸ್ ಕ್ಲಾಸ್ ಅಂದರೆ ಏನು, ಅದಕ್ಕೆ ಹೆಸರು ಯಾಕೆ ಬೇಡ ಎಂಬುದು ಒಂದು ಗುಟುಕು ಟೀ ಇಳಿಯುವಷ್ಟರಲ್ಲಿ ನನಗೆ ತಿಳಿದುಹೋಯಿತು. ಕೆಲಸದ ಪಟ್ಟಿ ಮೊದಲೇ ಇದೆ. ಜಾಗ ಖಾಲಿ ಇದೆ. ಈಗಲೇ, ಇಲ್ಲೇ ಒಬ್ಬ ಬೇಕು. ಈ ಪಾಳಿ ಮುಗಿದರೆ ಆಯಿತು. ಇಂಥವನ ಹೆಸರನ್ನು ಪುಸ್ತಕಕ್ಕೆ ಏರಿಸಿ ಯಾರಿಗೇನಾಗಬೇಕು?

ಹೇಳಬೇಕೆಂದು ಬಾಯಿ ತೆರೆದೆ. ಎದುರಿಗೆ ಸುಣ್ಣದಕಡ್ಡಿ ಹಿಡಿದು ನಿಂತಿದ್ದವಳನ್ನು ನೋಡಿದೆ. ಬೇರೆಯವರು ರಜೆ ಹಾಕಿದ್ದರಿಂದ ಕರೆ ಬಂದವಳು. ಗುಮಾಸ್ತನ ಬಾಯಲ್ಲಿ ಜಾವಾ ಗೆಸ್ಟ್. ಮುಂದಿನ ಸೆಮಿಸ್ಟರಿಗೆ ಕರೆಯುತ್ತಾರೋ ಇಲ್ಲವೋ. ನಿನ್ನ ಪಾಠ ನನಗೆ ತಿಳಿಯಿತಮ್ಮ, ಅದು ನೀನೇ, ಎಂದು ಮನೆಗೆ ಬಂದ ಹೆಣ್ಣುಮಗಳಿಗೆ ಹೇಗೆ ಹೇಳುವುದು? ಅದೂ ಮಂಡಳಿಯವರು ಬರುವ ಹೊತ್ತಿನಲ್ಲಿ? ಧೈರ್ಯ ಕುಸಿದರೆ?

"ಟೀ ಆರ್ತೈತೆ, ಕುಡಿ" ಎಂದಷ್ಟೇ ಹೇಳಿದೆ.

ಆಮೇಲಿನ ದಿನಗಳು ಕೆಟ್ಟವಾಗಿದ್ದವು. ಅವಳು ಪಾಠ ಮಾಡುವಳು, ನಾನು ಪ್ರಶ್ನೆ ಕೇಳುವುದನ್ನು ಬಿಟ್ಟೆ. ಮಾವ ಬೇಸತ್ತರು ಎಂದು ಅವಳಿಗೆ ಅನ್ನಿಸಿರಬೇಕು, ಇನ್ನಷ್ಟು ಬೇಗ ಬೇಗ ಹೇಳಿ ಮುಗಿಸುವಳು. ನಡಿಗೆಗೆ ಹೋದವನು ದಾರಿ ಮಧ್ಯದಿಂದ ವಾಪಸು ಬಂದೆ. ಅಂಗಳಕ್ಕೆ ಎರಡು ಸಲ ನೀರು ಹಾಕಿದೆ, ಅದೂ ಮಳೆಯಲ್ಲಿ.

ಗೌರಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ, "ಏನಾಗೈತ್ರಿ ನಿಮಗೆ?" ಎಂದು ಕೇಳಿದಳು. ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನೀವು ಬದಲಿ ಇದ್ದಾಗ್ಲೇ ನಾನು ನಿಮ್ಮನ್ನ ಮದುವೆ ಆಗಿದ್ದು" ಎಂದಳು. "ನಮ್ಮಪ್ಪ, ಹುಡುಗ ಗಿರಣ್ಯಾಗೆ ಬದಲಿ ಅದಾನೆ ಅಂತ ಊರಿಗೆಲ್ಲ ಹೇಳ್ಕಂಡು ಬಂದಿದ್ದ. ಅದರಾಗೆ ನಾಚ್ಕೆ ಪಡೋದೇನೈತೆ?"

"ನಾಚ್ಕೆ ಅಲ್ಲ. ಅವಳಿಗೆ ನೋವಾಗ್ತೈತೆ."

"ಪಾಠ ಬರದೆ ಅವರ ಮುಂದೆ ನಿಂತ್ರೆ ನೋವಾಗಲ್ಲೇನು? ನಿಮ್ಮ ಹೊಟ್ಯಾಗೆ ಇಟ್ಕಂಡು ಉಪ್ಪಿನಕಾಯಿ ಹಾಕ್ತೀರೇನು ಅದನ್ನ? ಹೇಳ್ರಿ ಅತ್ಲಾಗೆ."

ಹೇಳಲಿಲ್ಲ. ನಾಳೆ, ನಾಳೆ ಎಂದುಕೊಂಡೆ. ನಾಳೆ ಎಂದು ಯಾವ ಕೆಲಸವನ್ನೂ ಮುಂದೂಡಿದವನಲ್ಲ ನಾನು. ಹಾಗೆ ಆ ದಿನವೇ ಬಂದುಬಿಟ್ಟಿತು.

ಅವತ್ತು ಬೆಳಿಗ್ಗೆ ವಿನುತಾ ಹಲಗೆಯ ಮುಂದೆ ನಿಂತು ಪಾಠ ಶುರುಮಾಡಿ, ಮೂರನೇ ವಾಕ್ಯಕ್ಕೆ ನಿಲ್ಲಿಸಿದಳು. ಮುಂದಿನದು ಬರಲಿಲ್ಲ. ಸುಣ್ಣದಕಡ್ಡಿ ಕೆಳಗಿಟ್ಟು, "ಆಗ್ತಿಲ್ಲ ಮಾವ" ಎಂದಳು. ನಾನು ಎದ್ದು ಕೊಡೆ ತೆಗೆದುಕೊಂಡೆ. "ನನಗೂ ಹರಿಹರದಾಗೆ ಕೆಲಸ ಐತೆ. ದೇವಸ್ಥಾನಕ್ಕೆ ಹೋಗಿ ಬರ್ತೀನಿ. ಜೊತೆಗೇ ಹೋಗಾನ" ಎಂದೆ. ಮಂಗಳವಾರ ಬಿಟ್ಟು ಬೇರೆ ದಿನ ನಾನು ದೇವಸ್ಥಾನಕ್ಕೆ ಹೋಗುವವನಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವತ್ತು ಗುರುವಾರ. ಗೌರಮ್ಮ ನನ್ನ ಕೈಗೆ ಟವೆಲ್ ಕೊಟ್ಟಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ತುಟಿಯೊಳಗೇ ಒಪ್ಪಿಸಿಕೊಳ್ಳುತ್ತಿದ್ದಳು. ಗಾಜಿನ ಮೇಲೆ ಮಳೆಯ ನೀರು ಓರೆಯಾಗಿ ಹರಿಯುತ್ತಿತ್ತು. ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದಾಗ ಮಳೆ ಎಷ್ಟು ಜೋರಾಯಿತೆಂದರೆ ಇಬ್ಬರೂ ತಗಡಿನ ಚಾವಣಿಯ ಕೆಳಗೆ ನಿಲ್ಲಬೇಕಾಯಿತು. ಕ್ಲಾಸಿಗೆ ಇನ್ನೂ ಸಮಯವಿತ್ತು. ಮಂಡಕ್ಕಿಯವನು ಗಾಡಿಗೆ ಪ್ಲಾಸ್ಟಿಕ್ ಹೊದಿಸಿ ನಮ್ಮ ಪಕ್ಕದಲ್ಲೇ ನಿಂತಿದ್ದ. ಇನ್ನು ತಡಮಾಡಿದರೆ ಪ್ರಯೋಜನವಿಲ್ಲ ಎನ್ನಿಸಿತು.

"ಅಮ್ಮಾ, ನಿನ್ನ ಪಾಠ ನನಗೆ ತಿಳಿದೈತೆ" ಎಂದೆ. "ಹೋದ ವಾರಾನೇ ತಿಳೀತು." ಗೇಟು, ಮೇಸ್ತ್ರಿಯ ಬೆರಳು, ಬಿಲ್ಲೆ, ಎಲ್ಲ ಹೇಳಿದೆ. ಚಾವಣಿಯ ಸದ್ದಿಗೆ ಜೋರಾಗಿ ಹೇಳಬೇಕಾಯಿತು. ಹೇಳುವಾಗ ಅವಳ ಮುಖ ನೋಡಲಿಲ್ಲ.

ಅವಳು ಪೂರ್ತಿ ನನ್ನ ಕಡೆ ತಿರುಗಿ ನಿಂತಳು. ಆಮೇಲೆ ಕೇಳಿದಳು, "ಹೋದ ವಾರಾನೇ ತಿಳಿದಿದ್ರೆ ಯಾಕ ಹೇಳ್ಲಿಲ್ಲ ಮಾವ?"

"ನಿನಗೆ ಬ್ಯಾಸರ ಆದೀತು ಅಂತ."

"ನಾನೂ ಬದಲೀನೇ ಅಂತಲೇನು?"

ನಾನು ಕೊಡೆಯ ನೀರು ಕೊಡವಿದೆ.

"ಅಯ್ಯೋ ಮಾವ!" ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡೆ. "ನಮ್ಮ ಟೈಮ್‌ಟೇಬಲ್‌ನಾಗೆ ಎಲ್ಲಾರ ಹೆಸ್ರು ಐತ್ರಿ. ನನ್ನ ಜಾಗದಾಗೆ ಜಿ.ಎಲ್. ಅಂತ ಬರ್ದಾರೆ, ಗೆಸ್ಟ್ ಲೆಕ್ಚರರ್ ಅಂತ. ದಿನಾ ಅದನ್ನ ನೋಡೇ ಕ್ಲಾಸಿಗೆ ಹೋಗ್ತೀನಿ. ನೀವು ಹೊಸದಾಗಿ ಹೇಳಿ ನನಗೆ ನೋವು ಮಾಡೋದು ಏನೈತೆ ಅದರಾಗೆ? ಅದು ಬಿಡ್ರಿ, ಇದು ಹೇಳ್ರಿ. ಬದಲಿಗೆ ಒಂದೇ ಸಲ ಎರಡು ಮಗ್ಗ ಕೊಡ್ತಿದ್ರಾ?"

"ಇಲ್ಲ. ಒಂದು ಬಿಲ್ಲೆ, ಒಂದು ಮಗ್ಗ."

"ಸರಿ ಆತು. ಅನಾನಿಮಸ್ ಕ್ಲಾಸೂ ಒಂದೇ ಇಂಟರ್‌ಫೇಸ್ ಹಿಡಿಯೋದು, ಎರಡು ಆಗಲ್ಲ. ಒಳಗೆ ಹೋದ ಮೇಲೆ ಮೇಸ್ತ್ರಿ ಮಾತು ಬದಲಾಯಿಸಿದ್ರೆ?"

"ಬದಲಾಯಿಸೋ ಹಂಗಿಲ್ಲ. ಯಾವ ನೂಲು, ಎಷ್ಟು ಅಗಲ ಅಂತ ಗೇಟಿನಾಗೆ ಏನು ಹೇಳಿದ್ರೋ ಅದೇ ಪಾಳಿ ಮುಗಿಯೋ ತಂಕ. ನಡುವೆ ಬದಲಾಯಿಸಿದ್ರೆ ಬಟ್ಟೆ ಕೆಡ್ತೈತೆ."

ಅವಳು ಕಣ್ಣರಳಿಸಿದಳು. "ಅದೂ ಸರಿ ಆತು ಮಾವ! ಹೊರಗಿನಿಂದ ಅದು ಒಳಗೆ ತಗಂಡು ಹೋದ ಬೆಲೆ ಆಮೇಲೆ ಬದಲಾಗಬಾರದು ಅಂತ ಒಂದು ನಿಯಮ ಐತೆ. ಯಾಕ ಅಂತ ಹುಡುಗ್ರು ಕೇಳಿದ್ರೆ ಏನು ಹೇಳ್ಬೇಕು ಅಂತ ಒದ್ದಾಡ್ತಿದ್ದೆ." ಆಮೇಲೆ ಕೇಳಿದಳು, "ಮತ್ತೆ, ಹೆಸರು ಯಾವಾಗ ಬರ್ತೈತೆ?"

"ಅದೇ ಮನುಷ್ಯ ಮತ್ತೆ ಮತ್ತೆ ಬೇಕು ಅನ್ನಿಸಿದಾಗ" ಎಂದೆ. "ಬೆರಳು ತೋರಿಸಿದ್ರೆ ಯಾರೋ ಒಬ್ಬ ಬರ್ತಾನೆ. ಅವನೇ ಬೇಕು ಅಂದ್ರೆ ಹೆಸರು ಹಿಡಿದು ಕರೀಬೇಕಲ್ಲ."

ಮಳೆ ಇನ್ನೂ ನಿಂತಿರಲಿಲ್ಲ. ಅವಳು ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ ನೀರಿಗಿಳಿದೇಬಿಟ್ಟಳು. ನಾನು ಕೊಡೆ ಹಿಡಿದು ಹಿಂದೆ ಓಡಿದೆ. ದೇವಸ್ಥಾನದ ಮಾತು ಇಬ್ಬರೂ ಎತ್ತಲಿಲ್ಲ.

ಕಾಲೇಜಿನ ಜವಾನ ನನಗೆ ವರಾಂಡದಲ್ಲಿ ಒಂದು ಕುರ್ಚಿ ಹಾಕಿಕೊಟ್ಟ. ಅವಳ ಕ್ಲಾಸಿನ ಕಿಟಕಿಯ ಪಕ್ಕಕ್ಕೇ. ಕರೆಂಟು ಹೋಗಿದ್ದರಿಂದ ಬೆಳಕಿಗೆಂದು ಕಿಟಕಿ ಪೂರ್ತಿ ತೆರೆದಿದ್ದರು. ವಿಭಾಗದ ಮುಖ್ಯಸ್ಥರೂ ಮಂಡಳಿಯ ಇಬ್ಬರೂ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ಮಳೆಯ ಎರಚಲಿಗೆ ಒದ್ದೆಯಾದ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡೆ. ಅವಳು ಗಿರಣಿಯ ಕತೆಯಿಂದ ಶುರುಮಾಡುತ್ತಾಳೆ ಎಂದುಕೊಂಡಿದ್ದೆ. ಮೊದಲು ಸೈರನ್, ಆಮೇಲೆ ಗೇಟು, ಆಮೇಲೆ ಬಿಲ್ಲೆ, ಕ್ರಮವಾಗಿ ಹೇಳಬೇಕು.

"ಇವತ್ತು ನಿಮಗೆ ಜಾವಾ ತಗಳ್ಳೋರು ಯಾರು?" ಎಂದು ಕೇಳಿದಳು.

"ನೀವು ಮ್ಯಾಮ್" ಎಂದರು ಹುಡುಗರು.

"ಟೈಮ್‌ಟೇಬಲ್ ನೋಡಿ ಹೇಳ್ರಿ."

ಪುಸ್ತಕದ ಹಾಳೆ ಮಗುಚುವ ಸದ್ದು. ಆಮೇಲೆ ಒಬ್ಬಳು ಹುಡುಗಿ ಮೆಲ್ಲಗೆ, "ಜಿ.ಎಲ್. ಅಂತ ಐತೆ ಮ್ಯಾಮ್" ಎಂದಳು. ಹುಡುಗರು ನಕ್ಕರು.

ನಾನು ಕುರ್ಚಿಯಿಂದ ಅರ್ಧ ಎದ್ದೆ. ಬ್ಯಾಡಮ್ಮ, ಅದು ಬ್ಯಾಡ, ಎಂದು ಕಿಟಕಿಯಿಂದ ಹೇಳಿಬಿಡಬೇಕು ಅನ್ನಿಸಿತು. ಹಿಂದಿನ ಬೆಂಚಿನಲ್ಲಿ ಕೂತವರು ಇದನ್ನು ದೂರು ಎಂದು ತಿಳಿದರೆ? ತಮ್ಮನ್ನೇ ಹಂಗಿಸುತ್ತಿದ್ದಾಳೆ ಎಂದುಕೊಂಡರೆ? ಒಬ್ಬರು ಕೆಮ್ಮಿದ ಸದ್ದು ಕೇಳಿತು.

ಅವಳ ದನಿ ಮಾತ್ರ ಅಲುಗಲಿಲ್ಲ. "ಜಾವಾ ತಗಳ್ಳೋರು ಏನೇನು ಮಾಡಬೇಕು ಅಂತ ಕಾಲೇಜು ಮೊದ್ಲೇ ಬರೆದಿಟ್ಟೈತೆ. ಪಾಠ ಮಾಡಬೇಕು, ಲ್ಯಾಬ್ ನೋಡಬೇಕು, ಅಂಕ ಹಾಕಬೇಕು. ಅದು ಇಂಟರ್‌ಫೇಸ್. ಯಾವಾಗ್ಲೂ ಅದನ್ನ ಮಾಡೋರಿಗೆ ಟೈಮ್‌ಟೇಬಲ್‌ನಾಗೆ ಹೆಸರು ಐತೆ. ಅವರು ರಜೆ ಹಾಕಿದ್ರು. ಜಾಗ ಖಾಲಿ. ಪಾಠ ನಿಲ್ಲಬಾರದು. ಆ ಜಾಗಕ್ಕೆ ಅಂತ, ಆ ಹೊತ್ತಿಗೆ ಅಂತ ಒಬ್ಬರನ್ನ ಕರೆದು ನಿಲ್ಲಿಸ್ತಾರೆ. ಹೆಸರು ಬರೆಯೋ ಅಗತ್ಯ ಇಲ್ಲ, ಯಾಕಂದ್ರೆ ಬೇರೆ ಕಡೆಯಿಂದ ಅವರನ್ನ ಯಾರೂ ಕರೆಯಾದಿಲ್ಲ. ಕೆಲಸ ಮಾತ್ರ ಪೂರ್ತಿ ಮಾಡಬೇಕು. ಒಂದು ಬಿಟ್ರೂ ಕಂಪೈಲರ್ ಒಳಗೆ ಬಿಡಲ್ಲ." ಆಮೇಲೆ ಹಲಗೆಯ ಮೇಲೆ ಬರೆಯುವ ಸದ್ದು. ನಮ್ಮ ನಡುಮನೆಯಲ್ಲಿ ದಿನವೂ ಕೇಳಿದ ಸದ್ದು. ಬರೆದು ಮುಗಿಸಿ ಗಿರಣಿಯ ಬದಲಿಯ ಮಾತು ಹೇಳಿದಳು. ಬಿಲ್ಲೆಯ ಮಾತು ಹೇಳಿದಳು. "ನಮ್ಮ ಮಾವ ಹಂಗೆ ನಿಂತೋರು" ಎಂದಳು. ಕಿಟಕಿಯ ಕಡೆ ನೋಡಲಿಲ್ಲ.

ಒಬ್ಬ ಹುಡುಗ ಎದ್ದು ಕೇಳಿದ, "ಮ್ಯಾಮ್, ಅದನ್ನೇ ಇನ್ನೊಂದು ಕಡೆ ಬಳಸಬೇಕಾದ್ರೆ?"

"ಬರೋದಿಲ್ಲ. ಬರೆದ ಜಾಗ ಬಿಟ್ಟು ಬೇರೆ ಕಡೆಯಿಂದ ಅದನ್ನ ಕರೆಯಾಕ ಏನಂತ ಕರೀತೀಯ? ಮತ್ತೆ ಬೇಕು ಅಂದ್ರೆ ಹೆಸರಿಟ್ಟು ಬರೀಬೇಕು."

ಆಗ ಹಿಂದಿನ ಬೆಂಚಿನಿಂದ ಒಂದು ದಪ್ಪ ದನಿ ಬಂತು. ಮಂಡಳಿಯ ಹಿರಿಯರದು. "ಹೆಸರಿಲ್ದಿದ್ರೂ ಕೆಲಸ ನಡೀತೈತೆ ಅಂತ ನೀವೇ ಹೇಳಿದ್ರಲ್ಲ ಮೇಡಂ. ಮತ್ತೆ ಹೆಸರು ಯಾಕ ಬೇಕು?"

ನಾನು ದಿನವೂ ಕೇಳುತ್ತಿದ್ದ ಪ್ರಶ್ನೆಯೇ, ಬೇರೆ ಬಾಯಿಂದ.

"ನಡೀತೈತೆ ಸರ್" ಎಂದಳು ವಿನುತಾ. "ಅಲ್ಲಿ, ಅಷ್ಟಕ್ಕೆ ಮಾತ್ರ."

ಗಂಟೆ ಹೊಡೆಯಿತು. ಹೊರಗೆ ಬಂದವರು ನನ್ನ ಮುಂದೆಯೇ ಹಾದುಹೋದರು. ಅವರ ಮುಖದಲ್ಲಿ ಮೆಚ್ಚುಗೆಯಿತ್ತೋ ಸಿಟ್ಟಿತ್ತೋ, ಗೇಟಿನ ಬಳಿ ನಿಂತು ಮೇಸ್ತ್ರಿಯ ಮುಖ ಓದಿ ಅಭ್ಯಾಸವಿದ್ದ ನನಗೂ ತಿಳಿಯಲಿಲ್ಲ.

ತಿಳಿಸುತ್ತೇವೆ ಎಂದಿದ್ದರಂತೆ. ಮಳೆ ಕಡಿಮೆಯಾಯಿತು, ಹೊಳೆ ಇಳಿಯಿತು, ಅವಳು ಸೆಮಿಸ್ಟರ್ ಮುಗಿಸಿದಳು. ಪರೀಕ್ಷೆಯೂ ಆಯಿತು. ಯಾರೂ ಏನೂ ತಿಳಿಸಲಿಲ್ಲ. ಬೆಳಿಗ್ಗೆ ಆರೂವರೆಗೆ ನಾನು ಅಭ್ಯಾಸಬಲದಿಂದ ಹಲಗೆಯ ಮುಂದೆ ಬಂದು ಕೂರುತ್ತಿದ್ದೆ. ಹಲಗೆ ಖಾಲಿ. ಟೈಮ್‌ಟೇಬಲ್‌ನ ಮಾತು ತೆಗೆದದ್ದು ತಪ್ಪಾಯಿತೇನೋ ಎಂದು ಅವಳು ಒಂದು ಸಲವೂ ಹೇಳಲಿಲ್ಲ, ಆದರೆ ಫೋನು ಬಂದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಗ್ಯಾಸಿನವರು, ಬ್ಯಾಂಕಿನವರು, ಗೌರಮ್ಮನ ತಂಗಿ. ಕಾಲೇಜಿನವರಲ್ಲ. ರಜೆಗೆ ಹೋದವರು ಮತ್ತೆ ಕೆಲಸಕ್ಕೆ ಬರುತ್ತಾರಂತೆ ಎಂಬ ಸುದ್ದಿಯೂ ಬಂತು. ಹಾಗಾದರೆ ಮುಗಿಯಿತು ಎಂದುಕೊಂಡೆ. ಪಾಳಿ ಮುಗಿಯಿತು, ಬಿಲ್ಲೆ ವಾಪಸು.

ಚಳಿ ಶುರುವಾಗಿದ್ದ ಒಂದು ಬೆಳಿಗ್ಗೆ ನನ್ನ ಫೋನು ಬಡಿದುಕೊಂಡಿತು. ವಿನುತಾ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಪೇಪರು ಕೆಳಗಿಟ್ಟು ಎತ್ತಿದೆ. ಅದೇ ಗುಮಾಸ್ತನ ದನಿ.

"ಹಲೋ, ವಿನುತಾ ಮೇಡಂ ಅದಾರೇನ್ರಿ?"

ನನಗೆ ಕಿವಿ ಚೆನ್ನಾಗಿ ಕೇಳುತ್ತದೆ. ಆದರೂ, "ಯಾರು ಬೇಕಾಗಿತ್ರಿ?" ಎಂದೆ.

"ವಿನುತಾ ಮೇಡಂ ಬೇಕಾಗಿತ್ರಿ. ರಜೆ ಹಾಕಿದ್ದ ಮೇಡಂ ವಾಪಸ್ ಬರ್ತಾರೆ, ಆದ್ರೆ ಇನ್ನೊಂದು ಸೆಕ್ಷನ್ ಆಗೈತೆ. ಅದಕ್ಕೆ ವಿನುತಾ ಮೇಡಂ ಅವರನ್ನೇ ಕರೀರಿ ಅಂತ ಮಂಡಳಿಯೋರು ಹೇಳ್ಯಾರೆ. ಗೆಸ್ಟ್ ಆಗೇ ಬರಬೇಕ್ರಿ ಈ ಸಲಾನೂ. ಸೋಮವಾರದಿಂದ."

ಗೆಸ್ಟ್ ಆಗಿಯೇ. ಇದರ ಮುಂದಿನ ಸೆಮಿಸ್ಟರಿಗೆ ಮತ್ತೆ ಇದೇ ಕಾಯುವಿಕೆ ಇದೆ ಎಂದು ನನಗೆ ಆಗಲೇ ಗೊತ್ತಿತ್ತು. ಬಾಗಿಲಲ್ಲಿ ನಿಂತು ಮತ್ತೆ ಗಡಿಯಾರ ನೋಡಬೇಕು. ಅದು ಆಮೇಲಿನ ಮಾತು. ಫೋನು ಹಿಡಿದುಕೊಂಡೇ ಅಂಗಳಕ್ಕೆ ಹೋಗಿ ಮಹಡಿಯ ಕಡೆ ಮುಖವೆತ್ತಿ ಕೂಗಿದೆ.

"ವಿನುತಾ! ಏ ವಿನುತಾ! ಕೆಳಗೆ ಬಾ, ನಿನ್ನ ಕರೀತಿದಾರೆ."

ಒಳಗೆ ಗೌರಮ್ಮನ ಕೈಯಲ್ಲಿದ್ದ ಸೌಟಿನ ಸದ್ದು ನಿಂತಿತು. ಮೇಲೆ, ಒಣಹಾಕಿದ ಸೀರೆಯನ್ನು ಪಕ್ಕಕ್ಕೆ ಸರಿಸಿ ವಿನುತಾ ಬಗ್ಗಿ ನನ್ನನ್ನು ನೋಡಿದಳು.